ಬೆರಗಿನ ಬಾಗಿಲು: ಬೆಳ್ತಂಗಡಿ ಸೀಮೆಯ ಕೆಲವು ಸ್ವಾರಸ್ಯಗಳು

ದೇಶ ಸುತ್ತು, ಕೋಶ ಓದು ಎಂಬುದು ಹಿರಿಯರ ಮಾತು. ಶಾಲೆಗಳು ಈ ಮಾತನ್ನು ಶ್ರದ್ಧೆಯಿಂದ ಪಾಲಿಸುತ್ತ ಬಂದಿವೆ. ಕೋಶವನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿಸುತ್ತವೆ. ದೇಶವನ್ನು ಡಿಸೆಂಬರ್ ತಿಂಗಳಿನ ಮೂರು ದಿನಗಳ ಪ್ರವಾಸದಲ್ಲಿ ಸುತ್ತಿಸುತ್ತವೆ. ಬಯಲುಸೀಮೆಯಿಂದ ಹೊರಟ ಬಸ್ಸು ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ, ಧರ್ಮಸ್ಥಳ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆಗಳನ್ನು ಒಂದೇ ಉಸಿರಿನಲ್ಲಿ ಮುಟ್ಟಿ ಮರಳುತ್ತದೆ. ಊರಿಗೆ ಬಂದ ಮೇಲೆ ಪ್ರವಾಸದ ಕುರಿತು ಪ್ರಬಂಧ ಬರೆಯಲು ಹೇಳಿದರೆ, ವಿದ್ಯಾರ್ಥಿಗಳು ಘಟ್ಟದ ತಿರುವುಗಳನ್ನೂ ಊಟದ ಪಾಯಸವನ್ನೂ ಸವಿಸ್ತಾರವಾಗಿ ವರ್ಣಿಸಿ, ಬಸದಿಗೆ ಒಂದೇ ಸಾಲನ್ನು ಮೀಸಲಿಡುತ್ತಾರೆ: ‘ಅಲ್ಲಿ ಸಾವಿರ ಕಂಬಗಳಿದ್ದವು.’ ಎಣಿಸಿದೆಯಾ ಎಂದು ಗುರುಗಳು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: ‘ಅಷ್ಟರಲ್ಲಿ ಬಸ್ಸು ಹೊರಟಿತು, ಗುರುಗಳೇ.’

ಈ ಉತ್ತರವನ್ನು ಕೇಳಿ ನಗಬಹುದು. ಆದರೆ ನಕ್ಕು ಮರೆಯಬಾರದು. ಕೌತುಕವೆಂಬುದು ಜ್ಞಾನದ ಬಾಗಿಲು. ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿ ಹಿಂದಿರುಗುವವರೇ ಹೆಚ್ಚು, ‘ಇದು ಹೌದೇ? ಹೇಗೆ?’ ಎಂದು ಕೇಳಿ ಒಳಹೊಕ್ಕವರು ಕಡಿಮೆ. ಒಳಹೊಕ್ಕವರಿಗೆ ಮಾತ್ರ ಒಂದು ಸತ್ಯ ತಿಳಿಯುತ್ತದೆ: ಜನರು ಹೇಳುವ ಅದ್ಭುತಕ್ಕಿಂತ ಅದರ ಹಿಂದಿರುವ ವಾಸ್ತವವೇ ಅನೇಕ ವೇಳೆ ಹೆಚ್ಚು ಅದ್ಭುತವಾಗಿರುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ತಾಲೂಕುಗಳು ಈ ಮಾತಿಗೆ ಬೇಕಾದಷ್ಟು ನಿದರ್ಶನಗಳನ್ನು ಒದಗಿಸುತ್ತವೆ.

ಹಳೆಯ ಪರಂಪರೆ

ಚಿಕ್ಕಪುಟ್ಟ ವಿಷಯಗಳನ್ನು ಕೂಡಿಹಾಕುವುದು ಹಗುರ ಕೆಲಸವೆಂದು ಪಂಡಿತರು ಮೂಗು ಮುರಿಯಬೇಕಾಗಿಲ್ಲ. ಕನ್ನಡದಲ್ಲಿ ಇದಕ್ಕೆ ಸಾವಿರ ವರ್ಷಗಳ ಗೌರವವಿದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ವನ್ನು ರಚಿಸಿ, ನೆಲದಡಿಯ ನೀರನ್ನು ಗುರುತಿಸುವುದರಿಂದ ಹಿಡಿದು ಅಡುಗೆಯ ಪಾಕಗಳವರೆಗೆ ಜನಸಾಮಾನ್ಯರಿಗೆ ಬೇಕಾದುದನ್ನೆಲ್ಲ ಒಂದೆಡೆ ತಂದನು. ಹದಿನೈದನೆಯ ಶತಮಾನದ ನಿಜಗುಣ ಶಿವಯೋಗಿಗಳ ‘ವಿವೇಕಚಿಂತಾಮಣಿ’ಯು ಶಾಸ್ತ್ರವಿಷಯಗಳ ಕೋಶವಾಗಿ ಎಷ್ಟು ಖ್ಯಾತವಾಯಿತೆಂದರೆ, 1604ರಲ್ಲಿಯೇ ಮರಾಠಿಗೆ ಅನುವಾದಗೊಂಡಿತು. ಆಧುನಿಕ ಕಾಲದಲ್ಲಿ ಬೆಳ್ತಂಗಡಿಯ ನೆರೆಯ ಪುತ್ತೂರಿನಲ್ಲಿ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ 1936ರಲ್ಲಿ ‘ಬಾಲಪ್ರಪಂಚ’ವನ್ನು ಹೊರತಂದರು, ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಏಕಾಂಗಿಯಾಗಿ ಬರೆದರು. ಸಮಿತಿಯೊಂದು ಕುಳಿತು ಮಾಡಬೇಕಾದ ಕೆಲಸವನ್ನು ಒಬ್ಬರೇ ಮಾಡಿದ್ದರಿಂದಲೋ ಏನೋ, ಕೆಲಸ ಮುಗಿಯಿತು.

ಸಾವಿರ ಎಂಬ ಸಂಖ್ಯೆ

ಮೂಡುಬಿದಿರೆಯ ತ್ರಿಭುವನತಿಲಕ ಚೂಡಾಮಣಿ ಬಸದಿ 1430ರ ನಿರ್ಮಾಣ. ಚಂದ್ರನಾಥ ಸ್ವಾಮಿಯ ಆಲಯ. ಅದನ್ನು ಆ ಉದ್ದದ ಹೆಸರಿನಿಂದ ಕರೆಯುವವರು ವಿರಳ. ಎಲ್ಲರಿಗೂ ಅದು ಸಾವಿರ ಕಂಬದ ಬಸದಿ. ಕನ್ನಡದಲ್ಲಿ ‘ಸಾವಿರ’ವೆಂದರೆ ಲೆಕ್ಕಿಗರ ಸಾವಿರವೂ ಹೌದು, ಬೆರಗಾದವರ ಸಾವಿರವೂ ಹೌದು. ತಾಯಿಯು ಮಗನಿಗೆ ‘ಸಾವಿರ ಸಲ ಹೇಳಿದ್ದೇನೆ’ ಎನ್ನುವಾಗ ಯಾವ ಮಗನೂ ಲೆಕ್ಕದ ಪುಸ್ತಕ ಕೇಳುವುದಿಲ್ಲ. ಬಸದಿಯ ಸಾವಿರವೂ ಅಂಥದು: ಎಣಿಸಲು ಹೊರಟವನು ಕಂಬಕಂಬದ ಕೆತ್ತನೆಯ ಭೇದವನ್ನು ನೋಡುತ್ತ ನಿಂತು ಲೆಕ್ಕ ತಪ್ಪುತ್ತಾನೆ, ಆ ತಪ್ಪಿನಲ್ಲಿಯೇ ಶಿಲ್ಪಿಯ ಗೆಲುವಿದೆ.

ಸಾವಿರಕ್ಕಿಂತ ದೊಡ್ಡ ಸೋಜಿಗ ತಲೆಯ ಮೇಲಿದೆ. ಕಲ್ಲಿನ ತಳದ ಮೇಲೆ ಮರದ ಕೆಲಸ, ಅದರ ಮೇಲೆ ಒಂದರ ಮೇಲೊಂದಾಗಿ ಬಾಗಿದ ಇಳಿಜಾರು ಮಾಡು. ವಾಸ್ತುಶಿಲ್ಪದ ಇತಿಹಾಸವನ್ನು ಬರೆದ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು ಹತ್ತೊಂಬತ್ತನೆಯ ಶತಮಾನದಲ್ಲಿ ಇಂಥ ಮಾಡುಗಳನ್ನು ಕಂಡು ದೂರದ ನೇಪಾಳದ ಕಟ್ಟಡಗಳನ್ನು ನೆನೆದನು. ನೇಪಾಳದಲ್ಲಿ ಹಿಮ, ತುಳುನಾಡಿನಲ್ಲಿ ಮಳೆ. ಆಕಾಶ ಬಿಡದೆ ಸುರಿಯುವ ಊರಿನಲ್ಲಿ ಚಪ್ಪಟೆ ಮಾಡನ್ನು ಕಟ್ಟುವವನಿಗೆ ಮೊದಲ ಆಷಾಢವೇ ಪರೀಕ್ಷಕ.

ಇದೇ ಹೆಸರಿನ ತಮಾಷೆ ಪ್ರಾಣಿಶಾಸ್ತ್ರದಲ್ಲಿಯೂ ಇದೆ. ಮಳೆಗಾಲದಲ್ಲಿ ಅಂಗಳದಲ್ಲಿ ಹರಿದಾಡಿ, ಮುಟ್ಟಿದರೆ ಚಕ್ಕುಲಿಯಂತೆ ಸುತ್ತಿಕೊಳ್ಳುವ ಹುಳುವಿಗೆ ‘ಸಹಸ್ರಪದಿ’ ಎಂದು ಹೆಸರು. ಬಹುಕಾಲದವರೆಗೆ ಸಾವಿರ ಕಾಲಿನ ಸಹಸ್ರಪದಿಯನ್ನು ಯಾವ ವಿಜ್ಞಾನಿಯೂ ಕಂಡಿರಲಿಲ್ಲ. 2021ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ನೆಲದಾಳದಿಂದ ದೊರೆತ ಒಂದು ಜಾತಿಯ ವರದಿ ಪ್ರಕಟವಾಯಿತು. ಅದಕ್ಕೆ 1,306 ಕಾಲುಗಳು. ಸಹಸ್ರಪದಿಗೆ ಹೆಸರು ಮೊದಲು ಬಂದಿತು, ಕಾಲುಗಳು ಆಮೇಲೆ ಬಂದವು.

ಕಲ್ಲಿನ ಜಿರಾಫೆ

ಅದೇ ಬಸದಿಯ ಭೈರಾದೇವಿ ಮಂಟಪದ ತಳಭಾಗದಲ್ಲಿ ಪ್ರವಾಸಿಗರು ಸಾಮಾನ್ಯವಾಗಿ ತುಳಿದು ದಾಟಿಬಿಡುವ ಎಡೆಯಲ್ಲಿ ಎರಡು ವಿಚಿತ್ರ ಪ್ರಾಣಿಗಳ ಕೆತ್ತನೆಯಿದೆ. ಒಂದು ಆಫ್ರಿಕಾದ ಜಿರಾಫೆ, ಇನ್ನೊಂದು ಚೀನದ ಮಾದರಿಯ ಸರ್ಪಾಕಾರದ ಡ್ರ್ಯಾಗನ್. ತುಳುನಾಡಿನ ಕಾಡಿನಲ್ಲಿ ಹುಲಿಯುಂಟು, ಕಾಡುಕೋಣವುಂಟು, ಜಿರಾಫೆಯಿಲ್ಲ. ಹಾಗಾದರೆ ಅದು ಹದಿನೈದನೆಯ ಶತಮಾನದ ಮೂಡುಬಿದಿರೆಗೆ ಕತ್ತು ಚಾಚಿದ್ದು ಹೇಗೆ?

ಉತ್ತರವನ್ನು ಕಡಲು ಹೇಳುತ್ತದೆ. ಘಟ್ಟದ ಮೆಣಸು ಮತ್ತು ಕರಾವಳಿಯ ಅಕ್ಕಿ ಹಡಗೇರಿ ಪಶ್ಚಿಮಕ್ಕೆ ಹೋಗುತ್ತಿದ್ದವು. ಅರಬರೂ ಚೀನೀಯರೂ ಈ ತೀರದ ಬಂದರುಗಳನ್ನು ಬಲ್ಲವರಾಗಿದ್ದರು. ವ್ಯಾಪಾರಿಗಳಾದ ಶ್ರಾವಕರ ಸಂಪತ್ತೇ ಬಸದಿಗಳಿಗೆ ಕಲ್ಲು ಹೊರಿಸಿತು. ಅದೇ ಕಾಲದಲ್ಲಿ, 1414ರಲ್ಲಿ, ಬಂಗಾಳದ ಸುಲ್ತಾನನು ಚೀನದ ಚಕ್ರವರ್ತಿಗೆ ಒಂದು ಜೀವಂತ ಜಿರಾಫೆಯನ್ನು ಕಾಣಿಕೆಯಾಗಿ ಕಳುಹಿಸಿದನು. ಚೀನದ ಆಸ್ಥಾನವು ಅದನ್ನು ತಮ್ಮ ಪುರಾಣದ ಮಂಗಳಮೃಗವೆಂದು ಭಾವಿಸಿ ಸಂಭ್ರಮಿಸಿತು. ಜಿರಾಫೆಯ ಸುದ್ದಿ ಹಿಂದೂ ಮಹಾಸಾಗರದ ಸುತ್ತಲೂ ಓಡಾಡುತ್ತಿದ್ದ ಶತಮಾನವದು. ಅಂದಿನ ಶಿಲ್ಪಿಗೆ ಭೂಪಟವಿರಲಿಲ್ಲ, ಭೂಮಿಯ ಪರಿಚಯವಿತ್ತು. ಇಂದಿನ ವಿದ್ಯಾರ್ಥಿಯ ಗೋಡೆಯ ಮೇಲೆ ಭೂಪಟವಿದೆ. ಅದು ಬಹುಮಟ್ಟಿಗೆ ಗೋಡೆಯ ಬಿರುಕನ್ನು ಮುಚ್ಚುವ ಕಾರ್ಯದಲ್ಲಿ ನಿರತವಾಗಿದೆ.

ಪೂಜೆಗೊಂಡ ಗಣಿತ

ಮೂಡುಬಿದಿರೆಯ ಗುರುಬಸದಿಯಲ್ಲಿ ಕಲ್ಲಿಗಿಂತ ಬೆಲೆಯುಳ್ಳದ್ದೊಂದು ಇತ್ತು, ಅದು ತಾಳೆಗರಿಯದು. ದಿಗಂಬರ ಜೈನರ ಆಗಮವಾದ ಷಟ್ಖಂಡಾಗಮ ಮತ್ತು ಅದರ ಮೇಲೆ ವೀರಸೇನಾಚಾರ್ಯನು ಒಂಬತ್ತನೆಯ ಶತಮಾನದಲ್ಲಿ ರಚಿಸಿದ ‘ಧವಲಾ’ ಟೀಕೆಯ ಪ್ರತಿಗಳು ಅಲ್ಲಿ ಹಳಗನ್ನಡ ಲಿಪಿಯಲ್ಲಿ ಉಳಿದುಬಂದಿದ್ದವು. ಭಾಷೆ ಪ್ರಾಕೃತ ಮತ್ತು ಸಂಸ್ಕೃತ, ಲಿಪಿ ಕನ್ನಡ, ಮನೆ ತುಳುನಾಡು. ಶತಮಾನಗಳವರೆಗೆ ಭಕ್ತರು ಬಂದು ಗ್ರಂಥದರ್ಶನ ಮಾಡಿ ಕೈಮುಗಿದು ಹೋದರು. ಓದುವವರಿಗೆ ಅದು ಸುಲಭವಾಗಿ ದೊರೆಯುತ್ತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, ದಶಕಗಳ ಶ್ರಮದ ಬಳಿಕ 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾಯಿತು. ಕ್ರಮೇಣ ಹದಿನಾರು ಸಂಪುಟಗಳಾದವು.

ಅಚ್ಚಾದ ಮೇಲೆ ಗಣಿತಜ್ಞರಿಗೆ ಅಚ್ಚರಿ ಕಾದಿತ್ತು. ಕರ್ಮಸಿದ್ಧಾಂತವನ್ನು ವಿವರಿಸುವ ಆ ಗ್ರಂಥದಲ್ಲಿ ‘ಅರ್ಧಚ್ಛೇದ’ವೆಂಬ ಒಂದು ಪರಿಕಲ್ಪನೆಯಿದೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಿದರೆ ಒಂದಕ್ಕೆ ಬಂದು ನಿಲ್ಲುತ್ತದೆಯೋ ಅಷ್ಟು ಅದರ ಅರ್ಧಚ್ಛೇದ. 32ನ್ನು ಅರ್ಧಿಸುತ್ತ ಹೋದರೆ 16, 8, 4, 2, 1, ಐದು ಸಲ. ಆದ್ದರಿಂದ 32ರ ಅರ್ಧಚ್ಛೇದ 5. 8ರ ಅರ್ಧಚ್ಛೇದ 3, 4ರದು 2. ಎಂಟು ನಾಲ್ಕಲಿ ಮೂವತ್ತೆರಡು, ಮೂರು ಎರಡು ಐದು. ಗುಣಾಕಾರವು ಸಂಕಲನವಾಗಿ ಮಾರ್ಪಟ್ಟಿತು. ಪ್ರೌಢಶಾಲೆಯ ಮೇಲಿನ ತರಗತಿಗಳಲ್ಲಿ ಲಾಗರಿದಮ್ ಎಂಬ ಹೆಸರಿನಿಂದ ಮಕ್ಕಳನ್ನು ಹೆದರಿಸುವ ವಿಷಯದ ಬೀಜ ಇದೇ. ಯೂರೋಪಿನಲ್ಲಿ ಜಾನ್ ನೇಪಿಯರನು ತನ್ನ ಲಾಗರಿದಮ್ ಕೋಷ್ಟಕಗಳನ್ನು ಪ್ರಕಟಿಸಿದ್ದು 1614ರಲ್ಲಿ.

ಇಲ್ಲಿ ಹೆಮ್ಮೆಪಡುವ ಮೊದಲು ಎರಡು ಮಾತುಗಳನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು. ವೀರಸೇನನು ನೇಪಿಯರನಂತೆ ಕೋಷ್ಟಕಗಳನ್ನು ರಚಿಸಲಿಲ್ಲ. ಎಲ್ಲವೂ ನಮ್ಮಲ್ಲಿಯೇ ಇತ್ತೆಂದು ಭಾಷಣ ಮಾಡುವವರಿಗೆ ಇದು ಪೂರ್ತಿ ಒದಗುವುದಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಭಕ್ತರ ಪೂಜೆಯಿಂದ ಗ್ರಂಥವು ಹುಳುವಿನ ಬಾಯಿಗೆ ಬೀಳದೆ ಉಳಿಯಿತು. ಆದರೆ ಓದಿದ ದಿನದಿಂದಲೇ ಅದು ಮಾತನಾಡತೊಡಗಿತು. ಗ್ರಂಥಾಲಯಕ್ಕೆ ಪುಸ್ತಕಗಳನ್ನು ಕೊಟ್ಟ ದಾನಿಗಳಿಗೂ ಅವುಗಳನ್ನು ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕಿದ ಸಂಸ್ಥೆಗಳಿಗೂ ಇದರಲ್ಲಿ ಒಂದು ಪಾಠವಿದೆ. ಬೀಗವು ಪುಸ್ತಕವನ್ನು ಕಳ್ಳರಿಂದ ಕಾಯುತ್ತದೆ, ವಿದ್ಯಾರ್ಥಿಗಳಿಂದಲೂ ಕಾಯುತ್ತದೆ.

ನಗುವ ಗೊಮ್ಮಟ

ಫಲ್ಗುಣಿ ನದಿಯ ದಡದ ವೇಣೂರಿನಲ್ಲಿ ತಿಮ್ಮಣ್ಣ ಅಜಿಲನು 1604ರಲ್ಲಿ ನಿಲ್ಲಿಸಿದ ಬಾಹುಬಲಿಯ ಎತ್ತರ 35 ಅಡಿ. ಇದರ ಕೆನ್ನೆಗಳಲ್ಲಿ ಗುಳಿಯಿದೆ; ತುಟಿಯಲ್ಲಿ ಮಂದಹಾಸವಿದೆ. ಇದರ ಬಗ್ಗೆ ಒಂದು ಐತಿಹ್ಯ ಪ್ರಚಲಿತವಾಗಿದೆ. ವೇಣೂರಿನಲ್ಲಿ ಗೊಮ್ಮಟ ನಿಂತರೆ ತನ್ನ ಊರಿನ ಗೊಮ್ಮಟನ ಕೀರ್ತಿ ಮಸುಳುವುದೆಂದು ಕಾರ್ಕಳದ ಅರಸನು ಕೆರಳಿದನಂತೆ. ವಿಗ್ರಹವನ್ನು ಒಪ್ಪಿಸೆಂದು ಹೇಳಿ ಕಳುಹಿಸಿದನಂತೆ. ಅಜಿಲನು ಅದನ್ನು ನದಿಯ ಮರಳಿನಲ್ಲಿ ಹುದುಗಿಸಿ ಕಾದಾಡಿ ಗೆದ್ದು, ಮತ್ತೆ ಹೊರತೆಗೆದು ನಿಲ್ಲಿಸಿದನಂತೆ.

ಐತಿಹ್ಯವನ್ನು ಐತಿಹ್ಯವೆಂದೇ ಹೇಳಬೇಕು. ಆದರೂ ಅಳತೆಕೋಲನ್ನು ಹಿಡಿದರೆ ಅದರೊಳಗಿನ ವಿನೋದ ಹೊಳೆಯುತ್ತದೆ. 1432ರಲ್ಲಿ ನಿಂತ ಕಾರ್ಕಳದ ಮೂರ್ತಿ ಸುಮಾರು 42 ಅಡಿ. ವೇಣೂರಿನದಕ್ಕಿಂತ ಏಳು ಅಡಿ ಎತ್ತರ. ಎತ್ತರದವನಿಗೇ ಹೊಟ್ಟೆಕಿಚ್ಚು! ಇನ್ನೂ ದೊಡ್ಡ ವಿನೋದವೆಂದರೆ, ಜಗಳ ನಡೆದದ್ದು ಬಾಹುಬಲಿಗಾಗಿ. ಅಣ್ಣನೊಡನೆ ಹೋರಾಡಿ ಗೆದ್ದ ಕ್ಷಣದಲ್ಲಿಯೇ ರಾಜ್ಯವನ್ನು ತೊರೆದು ನಡೆದವನು ಬಾಹುಬಲಿ. ಎಲ್ಲವನ್ನೂ ಬಿಟ್ಟವನು ನನಗೆ ಸೇರಬೇಕು, ನಿನಗಲ್ಲ ಎಂದು ಇಬ್ಬರು ಕಾದಾಡಿದರೆಂಬ ಕಥೆಯನ್ನು ಕೇಳಿದರೆ, ಆ ಮಂದಹಾಸಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.

ಈ ಸಾಲಿಗೆ ಇಪ್ಪತ್ತನೆಯ ಶತಮಾನವೂ ಸೇರಿತು. ರೆಂಜಾಳ ಗೋಪಾಲಕೃಷ್ಣ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿ ರಸ್ತೆಯ ಮೇಲೆ ಪಯಣಿಸಿ ಧರ್ಮಸ್ಥಳವನ್ನು ಸೇರಿತು, 1982ರಲ್ಲಿ ಪ್ರತಿಷ್ಠೆಗೊಂಡಿತು. ಕಥೆಯ ಪ್ರಕಾರ ಒಂದು ಕಾಲದಲ್ಲಿ ಇನ್ನೊಂದೂರಿನ ಗೊಮ್ಮಟನನ್ನು ಸಹಿಸದ ಕಾರ್ಕಳವೇ, ಇನ್ನೊಂದು ಕಾಲದಲ್ಲಿ ಗೊಮ್ಮಟನನ್ನು ಕಡೆದು ನೆರೆಯೂರಿಗೆ ಕಳುಹಿಸಿಕೊಟ್ಟಿತು.

ಒಂದು ಕೋಟೆ, ಹಲವು ಹೆಸರು

ಬೆಳ್ತಂಗಡಿಯ ಬಳಿ ಒಂಟಿಯಾಗಿ ಎದ್ದುನಿಂತ ಬಂಡೆಯನ್ನು ಜನರು ಗಡಾಯಿಕಲ್ಲು ಎನ್ನುತ್ತಾರೆ; ನರಸಿಂಹಗಡ ಎಂಬ ಹಳೆಯ ಹೆಸರೂ ಇದೆ. 1794ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿ ಕೋಟೆಯನ್ನು ಕಟ್ಟಿಸಿ ಜಮಲಾಬಾದ್ ಎಂದು ಕರೆದನು; 1799ರಲ್ಲಿ ಅದು ಬ್ರಿಟಿಷರ ವಶವಾಯಿತು. ಮೇಲೇರಲು ಬಂಡೆಯಲ್ಲಿ ಕೊರೆದ ಒಂದೇ ಕಿರಿದಾದ ದಾರಿ. ಮೆಟ್ಟಿಲುಗಳು ಸಾವಿರದೆಂಟುನೂರಕ್ಕೂ ಹೆಚ್ಚು. ಏರುವಾಗ ಎಣಿಸಿದವನಿಗೆ ಉಸಿರಿರುವುದಿಲ್ಲ, ಇಳಿಯುವಾಗ ಎಣಿಸಿದವನಿಗೆ ಮೊಣಕಾಲಿರುವುದಿಲ್ಲ. ಹೀಗಾಗಿ ಪ್ರತಿ ತಂಡವೂ ತನ್ನದೇ ಆದ ಸಂಖ್ಯೆಯೊಡನೆ ಕೆಳಗಿಳಿಯುತ್ತದೆ.

ಟಿಪ್ಪುವು ತನ್ನ ತಾಯಿ ಜಮಲಾಬೀಯ ನೆನಪಿಗಾಗಿ ಈ ಹೆಸರನ್ನಿಟ್ಟನೆಂದು ಮಾರ್ಗದರ್ಶಿಗಳು ಹೇಳುತ್ತಾರೆ. ಆದರೆ ಚರಿತ್ರೆಯ ಗ್ರಂಥಗಳನ್ನು ತೆರೆದರೆ ಟಿಪ್ಪುವಿನ ತಾಯಿಯ ಹೆಸರು ಫಕ್ರುನ್ನಿಸಾ ಎಂದಿದೆ. ‘ಜಮಾಲ್’ ಎಂಬುದು ಅರಬ್ಬಿ ಭಾಷೆಯಲ್ಲಿ ಸೌಂದರ್ಯ. ‘ಆಬಾದ್’ ಎಂಬುದು ಪಾರಸಿಯಲ್ಲಿ ಜನವಸತಿಯ ನೆಲೆ. ಎರಡನ್ನೂ ಕೂಡಿಸಿದರೆ ‘ಚೆಲುವಿನ ನೆಲೆ’ ಎಂದಾಗುತ್ತದೆ; ಮುಂಗಾರಿನ ಮೋಡ ಬಂಡೆಯನ್ನು ಸುತ್ತಿಕೊಂಡ ಮುಂಜಾನೆಯಲ್ಲಿ ಯಾರೂ ಅದನ್ನು ಅಲ್ಲಗಳೆಯಲಾರರು. ವಿದ್ಯಾರ್ಥಿಗಳ ಮುಂದೆ ಎರಡು ಮಾತುಗಳನ್ನೂ ಇಟ್ಟು, ಯಾವುದಕ್ಕೆ ಯಾವ ಆಧಾರವೆಂದು ಕೇಳುವುದು ಒಳ್ಳೆಯ ಪಾಠ. ಫಲಕದ ಮೇಲೆ ಬರೆದುದೆಲ್ಲ ಇತಿಹಾಸವಾದರೆ, ಬಣ್ಣ ಬಳಿಯುವವನೇ ಇತಿಹಾಸಕಾರನಾಗುತ್ತಾನೆ.

ಮಕ್ಕಳ ನಾಲಿಗೆಯಲ್ಲಿ ಪಂಪನ ಕಾಲ

ಹಳಗನ್ನಡವೆಂದರೆ ವಿದ್ಯಾರ್ಥಿಗಳಿಗೆ ಜ್ವರ ಬರುವುದು ಎಲ್ಲ ಜಿಲ್ಲೆಗಳಿಗೂ ಸಾಮಾನ್ಯ. ಆದರೆ ಬೆಳ್ತಂಗಡಿಯ ಮನೆಗಳಲ್ಲಿ ತುಳು ಆಡುವ ಮಗುವಿಗೆ ಒಂದು ಸೌಕರ್ಯವಿದೆ. ಅದು ಆ ಮಗುವಿಗೂ ಗೊತ್ತಿಲ್ಲ, ಹಲವು ಗುರುಗಳಿಗೂ ಹೊಳೆದಿಲ್ಲ. ಕನ್ನಡದ ‘ಹತ್ತು’ ತುಳುವಿನಲ್ಲಿ ‘ಪತ್ತ್’. ‘ಹೊಸ’ ಎಂಬುದು ‘ಪೊಸ’. ‘ಹೂ’ ಎಂಬುದು ‘ಪೂ’. ‘ಹುಲಿ’ ಎಂಬುದು ‘ಪಿಲಿ’. ಪಂಪನ ಕಾಲದ ಕನ್ನಡದಲ್ಲಿಯೂ ಇವು ಪತ್ತು, ಪೊಸ, ಪೂ, ಪುಲಿ ಎಂದೇ ಇದ್ದವು. ಹತ್ತನೆಯ ಶತಮಾನದ ಸುಮಾರಿಗೆ ಕನ್ನಡದ ಪದಾದಿಯ ಪಕಾರ ಹಕಾರವಾಗತೊಡಗಿ, ಮುಂದಿನ ಶತಮಾನಗಳಲ್ಲಿ ಅದೇ ರೂಢಿಯಾಯಿತು. ತುಳು ಆ ಹಾದಿಯನ್ನು ತುಳಿಯಲಿಲ್ಲ.

ಇದರಿಂದ ತುಳುವು ಹಳಗನ್ನಡದಿಂದ ಹುಟ್ಟಿತೆಂದು ತಿಳಿಯಬಾರದು. ಎರಡೂ ದ್ರಾವಿಡ ಕುಟುಂಬದ ಸೋದರಿಯರು. ತಂಗಿ ಕಾಪಾಡಿಕೊಂಡ ಅಜ್ಜಿಯ ಒಡವೆಯನ್ನು ಅಕ್ಕ ಕರಗಿಸಿ ಹೊಸದಾಗಿ ಮಾಡಿಸಿಕೊಂಡಳು, ಅಷ್ಟೆ. ಮನೆಯ ಮಾತನ್ನು ಶಾಲೆಯ ಬಾಗಿಲ ಹೊರಗೆ ಬಿಟ್ಟು ಬಾ ಎನ್ನುವ ಗುರುಗಳು, ಮಗುವಿನ ಚೀಲದಲ್ಲಿದ್ದ ಹಳಗನ್ನಡದ ಕೈಪಿಡಿಯನ್ನು ತಾವೇ ಕಿತ್ತೆಸೆದಂತಾಗುತ್ತದೆ.

ಬಯಲುಸೀಮೆಯಿಂದ ಹೋದವರು ಒಂದು ಮಾತನ್ನು ಮಾತ್ರ ಮೊದಲೇ ತಿಳಿದಿರಬೇಕು. ಮನೆಯ ಯಜಮಾನರು ಕೈಮುಗಿದು ‘ಬಲೆ ಬಲೆ’ ಎಂದರೆ ಹೆದರಬೇಕಾಗಿಲ್ಲ. ತುಳುವಿನಲ್ಲಿ ಅದು ‘ಬನ್ನಿ ಬನ್ನಿ’. ಒಳಗೆ ಹೋದ ಮೇಲೆ ಊಟದ ಉಪಚಾರದಲ್ಲಿ ಸಿಕ್ಕಿಬೀಳುವುದು ನಿಜವಾದ್ದರಿಂದ, ಕನ್ನಡದ ಅರ್ಥವೂ ತಪ್ಪೆನ್ನುವಂತಿಲ್ಲ.

ಬಂಟ್ವಾಳದ ಗುರುಗಳು

ನಗುತ್ತ ಕಲಿಸುವ ವಿದ್ಯೆಗೆ ಈ ಸೀಮೆಯಲ್ಲಿಯೇ ಒಬ್ಬ ಆಚಾರ್ಯರು ಹುಟ್ಟಿದ್ದರು. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ದುಡಿದರು. ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಮನೆಮಾತು ಕೊಂಕಣಿ, ಕಾದಂಬರಿಗೆ ಆರಿಸಿಕೊಂಡ ವಸ್ತು ತುಳುನಾಡಿನ ವೀರರಾದ ಕೋಟಿ ಚೆನ್ನಯರು, ಬರೆದ ಭಾಷೆ ಕನ್ನಡ, ಅವರ ‘ಹುತ್ತರಿ ಹಾಡು’ ಮಾತ್ರ ಕೊಡಗಿನವರದಾಯಿತು. ಒಬ್ಬನೇ ಮನುಷ್ಯನ ಮೇಲೆ ನಾಲ್ಕು ನಾಡುಗಳು ಹಕ್ಕು ಸಾಧಿಸಿದರೂ ಮೊಕದ್ದಮೆ ನಡೆಯದ ಅಪರೂಪದ ಪ್ರಸಂಗವಿದು.

ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಎಂಬ ಮಕ್ಕಳ ಕಥೆಯ ಹೆಸರೇ ಒಂದು ಪ್ರಶ್ನೆ. ಒಂದು ‘ಯಾಕೆ’ಯ ಬಾಲವನ್ನು ಹಿಡಿದು ಇನ್ನೊಂದು ‘ಯಾಕೆ’ ಬರುವ ಸರಪಳಿಕಥೆ. ಕಾರಣಕಾರ್ಯದ ಸಂಬಂಧವನ್ನು ಕುರಿತ ತರ್ಕಶಾಸ್ತ್ರದ ಮೊದಲ ಪಾಠವನ್ನು ಮಕ್ಕಳು ನಗುತ್ತ ಕಲಿತರು. ತಾವು ತರ್ಕಶಾಸ್ತ್ರ ಓದುತ್ತಿದ್ದೇವೆಂದು ಗೊತ್ತಾಗಿದ್ದರೆ ಓಡಿಹೋಗುತ್ತಿದ್ದರು. ಇನ್‌ಸ್ಪೆಕ್ಟರರೆಂದರೆ ಶಾಲೆಗೆ ಶಾಲೆಯೇ ನಡುಗುತ್ತಿದ್ದ ಕಾಲದಲ್ಲಿ, ಮಕ್ಕಳನ್ನು ನಗಿಸಲು ಬರೆದ ಇನ್‌ಸ್ಪೆಕ್ಟರರಿದ್ದರೆಂಬುದೇ ಈ ಲೇಖನದ ಅತ್ಯಂತ ನಂಬಲಾಗದ ಸತ್ಯ.

ಕಿರುಸ್ವಾರಸ್ಯಗಳು

1. ಮೂಡುಬಿದಿರೆಯೆಂದರೆ ಮೂಡಣದ ಬಿದಿರೆ. ಕಡಲ ಬದಿಯ ಪಡುಬಿದ್ರಿಯೆಂದರೆ ಪಡುವಣದ ಬಿದಿರೆ. ಎರಡೂ ಊರುಗಳಿಗೆ ಬಿದಿರು ಹೆಸರನ್ನು ಕೊಟ್ಟಿತು. ಪ್ರತಿಯಾಗಿ ಊರುಗಳು ಬಿದಿರಿಗೆ ಜಾಗ ಕೊಡುವುದನ್ನು ಮರೆತವು.

2. ಮೂಡುಬಿದಿರೆಯಲ್ಲಿ ಹದಿನೆಂಟು ಬಸದಿ, ಹದಿನೆಂಟು ದೇವಾಲಯ, ಹದಿನೆಂಟು ಕೆರೆ ಎಂದು ಹಿರಿಯರ ಎಣಿಕೆ. ದೇವರಿಗೂ ನೀರಿಗೂ ಸಮಪಾಲು ಕೊಟ್ಟ ಊರು ಬರಗಾಲಕ್ಕೆ ಹೆದರಬೇಕಾಗಿಲ್ಲ.

3. ಇಂಗ್ಲಿಷರು ಅಡಿಕೆಯನ್ನು ‘ಬೀಟಲ್ ನಟ್’ ಎಂದರು. ಬೀಟಲ್ ಎಂದರೆ ವೀಳ್ಯದೆಲೆ. ಅದು ಕರಿಮೆಣಸಿನ ಕುಲದ ಬಳ್ಳಿ. ಅಡಿಕೆ ತಾಳೆಯ ಕುಲದ ಮರ. ತಟ್ಟೆಯಲ್ಲಿ ಜೊತೆಗಿದ್ದವರನ್ನು ನೆಂಟರೆಂದು ತಿಳಿದರು. ಅಡಿಕೆಯ ಶಾಸ್ತ್ರೀಯ ನಾಮವಾದ ‘ಅರೆಕಾ’ ಮಾತ್ರ ಈ ಕರಾವಳಿಯ ಮಾತಿನಿಂದಲೇ ಪೋರ್ಚುಗೀಸರ ಬಾಯಿ ಹಾದು ಹೋದುದು. ಮಲಯಾಳದ ‘ಅಡಕ್ಕ’, ಕನ್ನಡದ ‘ಅಡಿಕೆ’ ಅದರ ಬಳಗ. ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗವು 2004ರಲ್ಲಿ ಸಾರಿರುವುದರಿಂದ, ತಾಂಬೂಲದ ಗೌರವ ತಟ್ಟೆಯಲ್ಲಿಯೇ ಉಳಿದರೆ ಕ್ಷೇಮ.

4. ಮಂಗಳೂರು ನಗರಕ್ಕೆ ಕುಡಿಯುವ ನೀರು ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ ಹೋಗುತ್ತದೆ; ಅಲ್ಲಿಗೆ ನೇತ್ರಾವತಿಯನ್ನು ತುಂಬಿ ಕಳುಹಿಸುವುದು ಘಟ್ಟದ ಮಳೆ. ಪೇಟೆಯವನು ನಲ್ಲಿ ತಿರುಗಿಸಿದರೆ ಬೆಳ್ತಂಗಡಿಯ ಕಾಡು ಉತ್ತರ ಕೊಡುತ್ತದೆ. ಕಾಡು ಮೌನವಾದ ದಿನ ನಲ್ಲಿಯೂ ಮೌನ.

5. 1923ರಲ್ಲಿಯೂ 1974ರಲ್ಲಿಯೂ ಬಂಟ್ವಾಳದ ಪೇಟೆ ನೇತ್ರಾವತಿಯ ನೆರೆಯನ್ನು ಕಂಡಿತು. ನದಿ ತನ್ನ ಹಳೆಯ ದಾರಿಯನ್ನು ಮರೆಯುವುದಿಲ್ಲ; ಮನೆ ಕಟ್ಟುವವರು ಮರೆಯುತ್ತಾರೆ.

ಉಪಸಂಹಾರ

ಇಂಥ ಸಂಗತಿಗಳಿಂದ ಪರೀಕ್ಷೆಯಲ್ಲಿ ಅಂಕಗಳು ಬರುವುದಿಲ್ಲವೆಂಬ ಆಕ್ಷೇಪ ಉಂಟು; ಅದು ನಿಜ. ಆದರೆ ಹಳೆಯ ವಿದ್ಯಾರ್ಥಿಗಳು ಮೂವತ್ತು ವರ್ಷಗಳ ಬಳಿಕ ಶಾಲೆಯ ಅಂಗಳದಲ್ಲಿ ಕೂಡಿದಾಗ ಏನನ್ನು ನೆನೆಯುತ್ತಾರೆಂಬುದನ್ನು ಗಮನಿಸಬೇಕು. ಪಡೆದ ಅಂಕಗಳನ್ನು ಯಾರೂ ಹೇಳುವುದಿಲ್ಲ. ‘ಗುರುಗಳು ಅಂದು ನಗುತ್ತ ಒಂದು ಮಾತು ಹೇಳಿದ್ದರು’ ಎಂದು ಆರಂಭಿಸುತ್ತಾರೆ. ಆ ನಗುವಿನೊಡನೆ ಪಾಠವೂ ಮರಳಿ ಬರುತ್ತದೆ.

ಹಾಗೆ ಮರಳಿ ಬರುವ ಮಾತು ಸುಳ್ಳಾಗಿದ್ದರೆ ಸುಳ್ಳೂ ಮೂವತ್ತು ವರ್ಷ ಬಾಳುತ್ತದೆ. ನಗಿಸುವವರ ಹೊಣೆ ಇರುವುದು ಇಲ್ಲಿಯೇ. ಐತಿಹ್ಯವನ್ನು ಐತಿಹ್ಯವೆಂದೂ ದಾಖಲೆಯನ್ನು ದಾಖಲೆಯೆಂದೂ ಬೇರ್ಪಡಿಸಿ ಹೇಳಿದರೆ ವಿದ್ಯಾರ್ಥಿಯ ಬೆರಗು ಕುಂದುವುದಿಲ್ಲ. ಜಿರಾಫೆಯೂ ಅರ್ಧಚ್ಛೇದವೂ ಪುರಾವೆಯ ಬೆಳಕಿನಲ್ಲಿ ಇನ್ನಷ್ಟು ಹೊಳೆಯುತ್ತವೆ.

ಮುಂದಿನ ಡಿಸೆಂಬರಿನಲ್ಲಿ ಪ್ರವಾಸದ ಬಸ್ಸು ಮತ್ತೆ ಘಟ್ಟವನ್ನಿಳಿಯುತ್ತದೆ. ಮೂಡುಬಿದಿರೆಯಲ್ಲಿ ಅದು ಅರ್ಧ ತಾಸು ಹೆಚ್ಚು ನಿಲ್ಲಲಿ. ಒಬ್ಬ ವಿದ್ಯಾರ್ಥಿಯಾದರೂ ಕಂಬಗಳನ್ನು ಎಣಿಸಲು ತೊಡಗಲಿ. ಲೆಕ್ಕ ತಪ್ಪಿದರೆ ಚಿಂತೆಯಿಲ್ಲ. ತಪ್ಪಿದ್ದು ಎಲ್ಲಿ ಎಂದು ಹುಡುಕಲು ಅವನು ಮತ್ತೊಮ್ಮೆ ಬರುತ್ತಾನೆ.